ಡಿಎಲ್ ಬಂದ ಮೊದಲ ವರ್ಷ: ಮಾಡಬೇಕಾದ್ದು, ಮಾಡಬಾರದ್ದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹೊಸ ಚಾಲಕರಿಗೂ ಅವರ ಮನೆಯವರಿಗೂ

ಟ್ರ್ಯಾಕ್‌ನಲ್ಲಿ ಎಂಟು ಹೊಡೆದು, ಇನ್‌ಸ್ಪೆಕ್ಟರ್ ಎದುರು ಗಾಡಿ ಓಡಿಸಿ ತೋರಿಸಿ ಡಿಎಲ್ ಪಡೆದ ಎಲ್ಲರಿಗೂ ಅಭಿನಂದನೆ. ಆದರೆ ಅಲ್ಲಿ ಪರೀಕ್ಷೆಯಾದದ್ದು ಕೆಲವೇ ನಿಮಿಷಗಳ ಚಾಲನೆ. ನಾಲೆ ಏರಿಯ ತಿರುವು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್, ರಸ್ತೆಗೆ ಹರಡಿದ ಹುರುಳಿ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಪಕ್ಕದಲ್ಲೇ ಹಾದುಹೋಗುವ ಕಾರು, ಇವು ಯಾವುವೂ ಆ ಟ್ರ್ಯಾಕ್‌ನಲ್ಲಿ ಇರಲಿಲ್ಲ. ನಮ್ಮ ನಾಲ್ಕು ತಾಲ್ಲೂಕಿನ ರಸ್ತೆಗಳಲ್ಲಿ ಇವು ದಿನನಿತ್ಯ ಎದುರಾಗುತ್ತವೆ.

ಸಿಂಗಪುರದಲ್ಲಿ ಹೊಸ ಚಾಲಕರು ಮೊದಲ ಒಂದು ವರ್ಷ ಪ್ರೊಬೇಷನ್ ಫಲಕ ಹಾಕಿಕೊಂಡೇ ಓಡಿಸಬೇಕು. ಜಪಾನಿನಲ್ಲಿಯೂ ಒಂದು ವರ್ಷ ಹಸಿರು ಹಳದಿ ಎಲೆಯ ಗುರುತು ಕಡ್ಡಾಯ. ಬ್ರಿಟನ್ನಿನಲ್ಲಿ ಲೈಸೆನ್ಸ್ ಪಡೆದ ಎರಡು ವರ್ಷದೊಳಗೆ ತಪ್ಪಿನ ಅಂಕ ಆರು ತಲುಪಿದರೆ ಲೈಸೆನ್ಸೇ ರದ್ದು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳ ಮಕ್ಕಳು ಎಲ್ ಫಲಕ ತೆಗೆದ ಮೇಲೆ ವರ್ಷಗಟ್ಟಲೆ ಪಿ ಫಲಕ ಹಾಕಿಕೊಂಡು ಓಡಿಸುತ್ತಾರೆ, ಆ ಅವಧಿಯಲ್ಲಿ ಒಂದು ಹನಿ ಮದ್ಯಕ್ಕೂ ಅವಕಾಶವಿಲ್ಲ.

ನಮ್ಮ ಮೋಟಾರು ವಾಹನ ಕಾಯ್ದೆ, 1988ರಲ್ಲಿ ಆ ನಡುವಿನ ಮೆಟ್ಟಿಲು ಇಲ್ಲ. ಎಲ್ ಬೋರ್ಡ್ ಕಿತ್ತ ಮರುದಿನದಿಂದ, ಮೂವತ್ತು ವರ್ಷ ಬಸ್ಸು ಓಡಿಸಿದವರಿಗೂ ಹದಿನೆಂಟರ ಹುಡುಗನಿಗೂ ರಸ್ತೆಯ ನಿಯಮ ಒಂದೇ. ಕಾನೂನು ಬಿಟ್ಟ ಈ ಜಾಗವನ್ನು ಮನೆಯೇ ತುಂಬಬೇಕು. ಮೊದಲ ಒಂದು ವರ್ಷಕ್ಕೆ ಪ್ರತಿ ಮನೆಯೂ ತನ್ನದೇ ಕಟ್ಟಳೆ ಹಾಕಿಕೊಳ್ಳಬೇಕು.

ಈ ಸೂಚನೆಯಲ್ಲಿ "ಕಾನೂನು" ಎಂದು ಗುರುತು ಮಾಡಿದ್ದನ್ನು ಮೀರಿದರೆ ದಂಡ, ಲೈಸೆನ್ಸ್ ಅನರ್ಹತೆ, ಜೈಲು ಇವುಗಳಲ್ಲಿ ಒಂದಾದರೂ ಕಾದಿರುತ್ತದೆ. "ಕಟ್ಟಳೆ" ಎಂದು ಗುರುತು ಮಾಡಿದ್ದನ್ನು ಮೀರಿದರೆ ಯಾವ ಪೊಲೀಸರೂ ಹಿಡಿಯುವುದಿಲ್ಲ. ಆದರೂ ಎರಡನ್ನೂ ಒಂದೇ ಬಿಗಿಯಲ್ಲಿ ಪಾಲಿಸಿ.

1. ಎಲ್‌ಎಲ್‌ಆರ್ (ಕಲಿಕೆಯ ಲೈಸೆನ್ಸ್) ಕೈಯಲ್ಲಿರುವಾಗ

ಮಾಡಬೇಕಾದ್ದು

• ಗಾಡಿಯ ಮುಂದೆ ಮತ್ತು ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಇರಲೇಬೇಕು. ಹಲಗೆ 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಿರಬಾರದು, ಅಕ್ಷರ 10 ಸೆಂ.ಮೀ.ಗಿಂತ ಗಿಡ್ಡವಿರಬಾರದು. ನಂಬರ್ ಪ್ಲೇಟಿನ ಮೂಲೆಯಲ್ಲಿ ಪೆನ್ನಿನಿಂದ ಗೀಚಿದ ಎಲ್ ಲೆಕ್ಕಕ್ಕಿಲ್ಲ. (ಕಾನೂನು)

• ಪಕ್ಕದಲ್ಲಿ ಅದೇ ಬಗೆಯ ಗಾಡಿಯ ಡಿಎಲ್ ಇರುವವರು ಕೂತಿರಬೇಕು. ಗಾಡಿಯನ್ನು ಹಿಡಿತಕ್ಕೆ ತರಲು ಅಥವಾ ನಿಲ್ಲಿಸಲು ಅವರ ಕೈಗೆ ಎಟುಕಬೇಕು. ಹಿಂದಿನ ಸೀಟಿನಲ್ಲಿ ಕೂತು "ನಿಧಾನ ಕಣಪ್ಪ" ಎನ್ನುವವರು ಕಾನೂನಿನ ಕಣ್ಣಲ್ಲಿ ಕಲಿಸುವವರಲ್ಲ. (ಕಾನೂನು)

• ಎಲ್‌ಎಲ್‌ಆರ್ ಕೊಟ್ಟ ದಿನದಿಂದ 30 ದಿನ ಕಳೆದ ಮೇಲಷ್ಟೇ ಡಿಎಲ್ ಪರೀಕ್ಷೆ. ಎಲ್‌ಎಲ್‌ಆರ್ ಅವಧಿ ಆರು ತಿಂಗಳು. ಅದು ಮುಗಿಯುವುದಕ್ಕೆ ಮುಂಚೆಯೇ ಪರೀಕ್ಷೆಗೆ ಹೋಗಿ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು. ಆ 60 ದಿನವನ್ನು ಕಲಿಯುವುದಕ್ಕೆ ಬಳಸಿ, "ಯಾರನ್ನಾದರೂ ನೋಡಿಕೊಳ್ಳೋಣ" ಎಂದು ಹೊರಡಬೇಡಿ. (ಕಾನೂನು)

• ಕಲಿಕೆ ಮೊದಲು ಖಾಲಿ ಮೈದಾನದಲ್ಲಿ, ಬಳಿಕ ಊರಿನ ಒಳರಸ್ತೆಯಲ್ಲಿ, ಆಮೇಲೆ ಮುಖ್ಯರಸ್ತೆಯಲ್ಲಿ ನಡೆಯಲಿ. ಕ್ಲಚ್, ಬ್ರೇಕ್, ಗೇರು ನೋಡದೆ ಕಾಲಿಗೆ ಕೈಗೆ ಸಿಗುವ ತನಕ ಮುಖ್ಯರಸ್ತೆಗೆ ಇಳಿಯಬೇಡಿ. (ಕಟ್ಟಳೆ)

ಮಾಡಬಾರದ್ದು

• ಬೈಕು ಕಲಿಯುವಾಗ ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳಬಾರದು. ಡಿಎಲ್ ಇದ್ದು ಕಲಿಸುವವರನ್ನು ಬಿಟ್ಟರೆ ಬೇರೆ ಯಾರೂ ಹಿಂದೆ ಕೂರುವಂತಿಲ್ಲ. (ಕಾನೂನು)

• ಇಬ್ಬರು ಎಲ್‌ಎಲ್‌ಆರ್ ಹುಡುಗರು ಒಬ್ಬರಿಗೊಬ್ಬರು ಕಲಿಸಿಕೊಳ್ಳಬಾರದು. ಇಬ್ಬರ ಎಲ್‌ಎಲ್‌ಆರ್ ಕೂಡಿಸಿದರೆ ಒಂದು ಡಿಎಲ್ ಆಗುವುದಿಲ್ಲ. (ಕಾನೂನು)

• ನಾಲೆ ಏರಿಯ ಮೇಲೆ, ಕೆರೆ ಏರಿಯ ಮೇಲೆ, ಕೆಆರ್‌ಎಸ್ ಸುತ್ತಮುತ್ತ ಪ್ರವಾಸಿಗರು ತುಂಬಿರುವ ರಸ್ತೆಯಲ್ಲಿ ಕಲಿಯಲು ಹೋಗಬಾರದು. (ಕಟ್ಟಳೆ)

• ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಕಾರು ಕಲಿಯಬಾರದು. (ಕಟ್ಟಳೆ)

2. ಯಾವ ಗಾಡಿಗೆ ಯಾವ ಲೈಸೆನ್ಸ್

• ಗೇರಿಲ್ಲದ ಸ್ಕೂಟರಿಗಷ್ಟೇ ಡಿಎಲ್ ಮಾಡಿಸಿದವರು ಗೇರಿರುವ ಬೈಕು ಓಡಿಸಬಾರದು. ಬೈಕಿನ ಡಿಎಲ್ ಇದ್ದವರು ಕಾರು ಓಡಿಸಬಾರದು. ಕಾರ್ಡಿನ ಮೇಲೆ ಬರೆದಿರುವ ವರ್ಗವನ್ನು ಒಮ್ಮೆ ಓದಿಕೊಳ್ಳಿ. (ಕಾನೂನು)

• 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿಗಷ್ಟೇ ಅವಕಾಶ. ಮನೆಯಲ್ಲಿರುವ ಆಕ್ಟಿವಾದಂಥ ಸ್ಕೂಟರಿನ ಎಂಜಿನ್ ಅದರ ಎರಡು ಪಟ್ಟಿಗೂ ಮೀರಿದ್ದು. 18 ತುಂಬದ ಪಿಯುಸಿ ಮಕ್ಕಳು ಅದನ್ನು ಕಾಲೇಜಿಗೆ ಒಯ್ಯುವಂತಿಲ್ಲ. (ಕಾನೂನು)

• "ಎಲೆಕ್ಟ್ರಿಕ್ ಸ್ಕೂಟರಿಗೆ ಡಿಎಲ್ ಬೇಡ" ಎಂಬ ಮಾತು ಎಲ್ಲ ಗಾಡಿಗೂ ಸಲ್ಲದು. ಮೋಟಾರು 250 ವಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ಮೀರದ ಗಾಡಿಗಷ್ಟೇ ಆ ವಿನಾಯಿತಿ. ಅದಕ್ಕಿಂತ ವೇಗವಾಗಿ ಓಡುವ ಎಲ್ಲಕ್ಕೂ ನೋಂದಣಿ, ಇನ್ಶೂರೆನ್ಸ್, ಡಿಎಲ್ ಬೇಕು. (ಕಾನೂನು)

• ಟ್ರ್ಯಾಕ್ಟರ್ ಹೊಲದ ಗಾಡಿ, ಅದಕ್ಕೇನು ಲೈಸೆನ್ಸ್ ಎನ್ನುವುದು ನಮ್ಮ ಕಡೆಯ ಹಳೇ ತಪ್ಪು. ಹೊಲದಿಂದ ರಸ್ತೆಗೆ ಬಂದ ಕ್ಷಣದಿಂದ ಡಿಎಲ್ ಬೇಕೇ ಬೇಕು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಆಲೆಮನೆಗೆ, ಫ್ಯಾಕ್ಟರಿಗೆ ಹೋಗಬಾರದು. (ಕಾನೂನು)

• ಎಲ್‌ಎಂವಿ (ಲಘು ಮೋಟಾರು ವಾಹನ) ಡಿಎಲ್ ಇರುವವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೂ ಮೊದಲ ವರ್ಷದಲ್ಲಿ ಭರ್ತಿ ಲೋಡಿನ ತರಕಾರಿ ಗಾಡಿ ಹತ್ತಿ ನಡುರಾತ್ರಿ ಮೈಸೂರು ಮಾರ್ಕೆಟ್ಟಿಗೆ ಹೊರಡಬೇಡಿ. ಲೋಡ್ ಇದ್ದಾಗ ಗಾಡಿ ನಿಲ್ಲುವ ದೂರವೇ ಬೇರೆ. (ಕಟ್ಟಳೆ)

3. ಮೊದಲ ಒಂದು ವರ್ಷ, ಪ್ರತಿ ದಿನ

ಮಾಡಬೇಕಾದ್ದು

• ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಪತ್ರ ಜೊತೆಗಿರಲಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಮಾನ್ಯ. ವಾಟ್ಸ್‌ಆ್ಯಪ್‌ನಲ್ಲಿ ಇಟ್ಟುಕೊಂಡ ಫೋಟೋವನ್ನು ನಂಬಿಕೊಳ್ಳಬೇಡಿ. (ಕಾನೂನು)

• ಬೈಕಿನಲ್ಲಿ ಓಡಿಸುವವರಿಗೂ ಹಿಂದೆ ಕೂತವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಬೇಕು, ಪಟ್ಟಿ ಬಿಗಿದಿರಬೇಕು. ಅರ್ಧ ತಲೆಗೆ ಟೋಪಿಯಂತೆ ಕೂರುವ ಹೆಲ್ಮೆಟ್ ಬೇಡ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹಗೊಳಿಸುವ ಅವಕಾಶ ಕಾಯ್ದೆಯಲ್ಲಿದೆ. (ಕಾನೂನು)

• ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಮಗುವಿಗೆ ಸುರಕ್ಷತಾ ಬೆಲ್ಟು, ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. (ಕಾನೂನು) ಓಡಿಸುವವರು ಹೊಸಬರಾಗಿದ್ದರೆ ಮೊದಲ ವರ್ಷ ಕೂಸನ್ನು ಬೈಕಿನಲ್ಲಿ ಕೂರಿಸಿಕೊಳ್ಳಲೇಬೇಡಿ. (ಕಟ್ಟಳೆ)

• ಕಾರಿನಲ್ಲಿ ಮುಂದೆ ಕೂತವರಂತೆ ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಬೇಕು. ತಾತ, ಅಜ್ಜಿಗೂ ಇದರಿಂದ ವಿನಾಯಿತಿ ಇಲ್ಲ. (ಕಾನೂನು)

• ಕೆಎಸ್‌ಆರ್‌ಟಿಸಿ ಬಸ್ಸು ನಿಂತಿದ್ದರೆ ಅದರ ಮುಂದಿನಿಂದ ಯಾರೋ ರಸ್ತೆ ದಾಟುತ್ತಿದ್ದಾರೆ ಎಂದೇ ತಿಳಿದು ವೇಗ ಇಳಿಸಿ. ಶಾಲೆ ಬಿಡುವ ಹೊತ್ತಿನಲ್ಲಿ ಹಾಗೆ ಓಡಿ ಬರುವುದು ಸಾಮಾನ್ಯವಾಗಿ ಮಗುವೇ. (ಕಟ್ಟಳೆ)

• ಎದುರು ಗಾಡಿ ಬಂದಾಗ ಹೈಬೀಮ್ ಇಳಿಸಿ ಡಿಮ್ ಮಾಡಿ. (ಕಾನೂನು) ಅವರು ಇಳಿಸದಿದ್ದರೆ ನೀವು ಹಟಕ್ಕೆ ಬೀಳಬೇಡಿ. ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಟ್ಟು ನಿಧಾನಿಸಿ. (ಕಟ್ಟಳೆ)

ಮಾಡಬಾರದ್ದು

• ಬೈಕಿನಲ್ಲಿ ಮೂವರು ಕೂರಬಾರದು. ಇದಕ್ಕೂ ದಂಡ ಮತ್ತು ಮೂರು ತಿಂಗಳ ಅನರ್ಹತೆ ಇದೆ. (ಕಾನೂನು)

• ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸಬಾರದು. ಆಸ್ಪತ್ರೆಯ ತುರ್ತು ಬಂದರೆ 108ಕ್ಕೆ ಕರೆ ಮಾಡಿ ಅಥವಾ ಅನುಭವಸ್ಥರನ್ನು ಎಬ್ಬಿಸಿ. (ಕಟ್ಟಳೆ)

• ಮೊದಲ ಆರು ತಿಂಗಳು ಕಾರಿನಲ್ಲಿ ಗೆಳೆಯರನ್ನು ತುಂಬಿಕೊಂಡು ಹೋಗಬಾರದು. ಹಿಂದಿನಿಂದ "ಮಗಾ, ಇನ್ನೊಂಚೂರು ತುಳಿ" ಎನ್ನುವ ಒಂದು ದನಿ ಸಾಕು, ಕಲಿತದ್ದೆಲ್ಲ ಮರೆತುಹೋಗಲು. (ಕಟ್ಟಳೆ)

• ಮೊಬೈಲ್ ಕೈಯಲ್ಲಿ ಹಿಡಿದು ಓಡಿಸಬಾರದು. (ಕಾನೂನು) ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೆಸೇಜ್ ನೋಡಲು ಎರಡು ಸೆಕೆಂಡ್ ಕಣ್ಣು ತಗ್ಗಿಸಿದರೆ 33 ಮೀಟರ್ ರಸ್ತೆಯನ್ನು ನೋಡದೆ ದಾಟಿದಂತೆ.

• ಸೈಲೆನ್ಸರ್ ಬದಲಿಸಿ ಸದ್ದು ಮಾಡುವುದು, ವೀಲಿಂಗ್ ಮಾಡುವುದು, ರೀಲ್ಸಿಗಾಗಿ ಓಡಿಸುವುದು ಬೇಡ. ರಸ್ತೆಯಲ್ಲಿ ಅಪಾಯಕಾರಿಯಾಗಿ ಓಡಿಸುವುದು ಅಪರಾಧ. (ಕಾನೂನು)

4. ನಾಲೆ ಏರಿಯ ರಸ್ತೆ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ನಾಲೆಯ ಪಕ್ಕ ಓಡಾಡುವ ಪ್ರತಿ ಊರೂ ಈ ಎರಡು ದಿನಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಾಲೆ ರಸ್ತೆಯ ಅಪಾಯ ಇಂಥದ್ದು: ಟಾರು ಕಿರಿದು, ಅಂಚು ಮಣ್ಣು, ಮಳೆ ಬಂದರೆ ಆ ಮಣ್ಣು ಜಾರುತ್ತದೆ. ಎದುರು ಟ್ರ್ಯಾಕ್ಟರ್ ಬಂದರೆ ಹೊಸಬರ ಕೈ ತಾನಾಗಿಯೇ ಸ್ಟೇರಿಂಗ್ ಅನ್ನು ಅಂಚಿಗೆ ಎಳೆಯುತ್ತದೆ. ಎಡ ಚಕ್ರ ಮಣ್ಣಿಗೆ ಇಳಿದೊಡನೆ ಹೆದರಿ ಬಲಕ್ಕೆ ಜೋರಾಗಿ ತಿರುಗಿಸುತ್ತಾರೆ. ಗಾಡಿ ಹಿಡಿತ ತಪ್ಪುವುದು ಆಗಲೇ. ಹಗಲಿನಲ್ಲಿ ನೀರು ಕಾಣುತ್ತದೆ, ರಾತ್ರಿ ಹೆಡ್‌ಲೈಟಿನಲ್ಲಿ ನೀರು ಯಾವುದು, ರಸ್ತೆ ಯಾವುದು ಎಂಬುದೇ ತಿಳಿಯದ ತಿರುವುಗಳಿವೆ.

ಮಾಡಬೇಕಾದ್ದು

• ಎದುರು ಗಾಡಿ ಕಂಡರೆ ದೂರದಲ್ಲೇ ವೇಗ ಇಳಿಸಿ, ಅಗಲ ಜಾಗ ನೋಡಿ ನಿಂತುಬಿಡಿ. ಅವರು ದಾಟಿಹೋಗಲಿ. ನಿಲ್ಲುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. (ಕಟ್ಟಳೆ)

• ಚಕ್ರ ಮಣ್ಣಿಗೆ ಇಳಿದರೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು, ಗಾಡಿಯನ್ನು ನೇರವಾಗಿಯೇ ನಿಧಾನಕ್ಕೆ ತನ್ನಿ. ವೇಗ ಪೂರ್ತಿ ಇಳಿದ ಮೇಲಷ್ಟೇ ಟಾರಿಗೆ ಹತ್ತಿಸಿ.

• ನಾಲೆಯ ದಾರಿ ಬಿಟ್ಟು ಬೇರೆ ರಸ್ತೆ ಇದ್ದರೆ ಐದಾರು ಕಿ.ಮೀ. ಸುತ್ತಾದರೂ ಅದನ್ನೇ ಹಿಡಿಯಿರಿ. ಗೂಗಲ್ ಮ್ಯಾಪ್ ತೋರಿಸುವ ಹತ್ತಿರದ ದಾರಿ ಏರಿಯ ಮೇಲಿನದೋ ಎಂದು ಊರವರನ್ನು ಕೇಳಿಕೊಳ್ಳಿ. (ಕಟ್ಟಳೆ)

• ಕಾರು ನೀರಿಗೆ ಬಿದ್ದರೆ ಮೊದಲು ಸೀಟ್ ಬೆಲ್ಟ್ ಬಿಚ್ಚಿ, ಕೂಡಲೇ ಕಿಟಕಿ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ, ಆಮೇಲೆ ನೀವು ಹೊರಬನ್ನಿ. ಬಾಗಿಲು ತೆಗೆಯಲು ಹೆಣಗಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ. ಫೋನ್ ಮಾಡುವುದು ಹೊರಬಂದ ಮೇಲೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿ.

ಮಾಡಬಾರದ್ದು

• ತಡೆಗೋಡೆ ಇದ್ದೇ ಇರುತ್ತದೆ ಎಂದು ನಂಬಿ ಓಡಿಸಬಾರದು. ಒಂದು ತಿರುವಿನಲ್ಲಿದ್ದದ್ದು ಮುಂದಿನ ತಿರುವಿನಲ್ಲಿ ಇರದು.

• ಏರಿಯ ಮೇಲೆ ಓವರ್‌ಟೇಕ್ ಮಾಡಲೇಬಾರದು. ಮುಂದೆ ಎತ್ತಿನ ಗಾಡಿ ಇದ್ದರೆ ಏರಿ ಮುಗಿಯುವವರೆಗೂ ಅದರ ಹಿಂದೆಯೇ ಹೋಗಿ. (ಕಟ್ಟಳೆ)

• ಮೊದಲ ವರ್ಷ ಸೂರ್ಯ ಮುಳುಗಿದ ಮೇಲೆ ನಾಲೆ ರಸ್ತೆಗೆ ಗಾಡಿ ಇಳಿಸಬಾರದು. ಈ ಸೂಚನೆಯಲ್ಲಿರುವ ಕಟ್ಟಳೆಗಳಲ್ಲೆಲ್ಲ ಇದು ಅತಿ ಮುಖ್ಯ. (ಕಟ್ಟಳೆ)

5. ಎಕ್ಸ್‌ಪ್ರೆಸ್‌ವೇ ಮತ್ತು ಸರ್ವಿಸ್ ರಸ್ತೆ

ರಾಷ್ಟ್ರೀಯ ಹೆದ್ದಾರಿ 275ರ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರು, ಎತ್ತಿನ ಗಾಡಿ, ಸೈಕಲ್ ಬಾರದಂತೆ ನಿಷೇಧ ಬಂತು. ಇವೆಲ್ಲಕ್ಕೂ ಸರ್ವಿಸ್ ರಸ್ತೆಯೇ ದಾರಿ.

ಮಾಡಬೇಕಾದ್ದು

• ಬೈಕು, ಸ್ಕೂಟರಿನವರು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಗಣಂಗೂರು ಟೋಲ್ ಸುತ್ತಮುತ್ತ "ಒಂದು ಕಿಲೋಮೀಟರ್ ತಾನೆ" ಎಂದು ಮೇಲೆ ಹತ್ತಬೇಡಿ. (ಕಾನೂನು)

• ಕಾರಿನವರು ಫಲಕದಲ್ಲಿರುವ 100 ಕಿ.ಮೀ. ಮಿತಿಯನ್ನು ಮೀರಬಾರದು. ಕ್ಯಾಮೆರಾ ಇದೆ, ನೋಟಿಸ್ ಮನೆಗೇ ಬರುತ್ತದೆ. (ಕಾನೂನು) ಹೊಸಬರು ಮೊದಲ ವರ್ಷ 80 ದಾಟಬೇಡಿ, ಎಡಗಡೆಯ ಪಥದಲ್ಲೇ ಇರಿ. 100ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದಿನ ಗಾಡಿಯ ಬ್ರೇಕ್ ಲೈಟ್ ಕಂಡು ನಿಮ್ಮ ಕಾಲು ಬ್ರೇಕಿಗೆ ತಲುಪುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. (ಕಟ್ಟಳೆ)

• ಮೊದಲ ಸಲ ಎಕ್ಸ್‌ಪ್ರೆಸ್‌ವೇ ಹತ್ತುವಾಗ ಪಕ್ಕದಲ್ಲಿ ಅನುಭವಸ್ಥರು ಇರಲಿ, ಹಗಲಿರಲಿ, ಮಳೆ ಇಲ್ಲದಿರಲಿ. (ಕಟ್ಟಳೆ)

• ಗಾಡಿ ಕೆಟ್ಟರೆ ಎಡ ಅಂಚಿಗೆ ಸಾಧ್ಯವಾದಷ್ಟು ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಗಾಡಿಯಿಂದ ಇಳಿದು ತಡೆಬೇಲಿಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ನಿಂತ ಗಾಡಿಯೊಳಗೆ ಯಾರೂ ಕೂತಿರಬಾರದು.

ಮಾಡಬಾರದ್ದು

• ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿ ಬರಬಾರದು. ಅಂಡರ್‌ಪಾಸ್ ದೂರವಿದೆ ಎಂಬುದು ನೆಪವಾಗಬಾರದು. ಅಂಡರ್‌ಪಾಸ್ ಬಾಯಲ್ಲಿ ಎರಡೂ ಕಡೆಯ ಗಾಡಿ ಕಾಣುವುದಿಲ್ಲ, ನಿಂತು ನೋಡಿ ಹೊರಡಿ. (ಕಾನೂನು)

• ಎಕ್ಸಿಟ್ ತಪ್ಪಿದರೆ ರಿವರ್ಸ್ ಬರಬಾರದು. ಮುಂದಿನ ಎಕ್ಸಿಟ್‌ವರೆಗೆ ಹೋಗಿ ಬನ್ನಿ. (ಕಾನೂನು)

• ಬಸ್ಸು ಹಿಡಿಯಲು ಬೇಲಿ ದಾಟಬಾರದು. ಫೋಟೋ ತೆಗೆಯಲು, ತಿಂಡಿ ತಿನ್ನಲು ಮುಖ್ಯ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು. (ಕಾನೂನು)

ಬೆಳ್ಳೂರು ಕ್ರಾಸ್ ಮೂಲಕ ಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿ 75ಕ್ಕೂ, ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲ ಹಾದು ಹೋಗುವ 150ಎ ಹೆದ್ದಾರಿಗೂ ಇದೇ ಎಚ್ಚರ ಸಲ್ಲುತ್ತದೆ. ಊರೊಳಗಿನಿಂದ ಹೆದ್ದಾರಿಗೆ ಬರುವಾಗ ಪೂರ್ತಿ ನಿಂತು ಎರಡೂ ಕಡೆ ನೋಡಿ. ಹೆದ್ದಾರಿಯವರು ನಿಮಗಾಗಿ ನಿಧಾನಿಸುತ್ತಾರೆ ಎಂದುಕೊಳ್ಳಬೇಡಿ.

6. ಕಬ್ಬು, ಒಕ್ಕಣೆ, ದನಕರು

ಕಬ್ಬು ಕಟಾವಿನ ತಿಂಗಳುಗಳಲ್ಲಿ ಪಾಂಡವಪುರ, ಕೆ.ಆರ್. ಪೇಟೆ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್ ಸಾಲುಗಟ್ಟಿರುತ್ತವೆ. ಕಬ್ಬಿನ ಜಲ್ಲೆ ಎರಡು ಪಕ್ಕಕ್ಕೂ ಚಾಚಿರುತ್ತದೆ. ಟ್ರೇಲರಿನ ಹಿಂದೆ ಕೆಂಪು ದೀಪ ಇರುವುದಿಲ್ಲ, ಇದ್ದರೂ ಸೋಗೆ ಮುಚ್ಚಿರುತ್ತದೆ. ರಾತ್ರಿ ಬೈಕಿನವರಿಗೆ ಅದು ಕಾಣುವುದು ತೀರಾ ಹತ್ತಿರಕ್ಕೆ ಬಂದ ಮೇಲೆ.

• ಕಬ್ಬಿನ ಗಾಡಿ ಓಡಾಡುವ ಕಾಲದಲ್ಲಿ ರಾತ್ರಿ 40 ಕಿ.ಮೀ. ಮೀರಬೇಡಿ. ನಿಮ್ಮ ಹೆಡ್‌ಲೈಟ್ ಎಷ್ಟು ದೂರ ಕಾಣಿಸುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗುವ ವೇಗವೇ ಸರಿಯಾದ ವೇಗ. (ಕಟ್ಟಳೆ)

• ಟ್ರೇಲರನ್ನು ಓವರ್‌ಟೇಕ್ ಮಾಡುವಾಗ ಅದರ ಮುಂದೆ ಇನ್ನೊಂದು ಟ್ರೇಲರ್ ಕೊಕ್ಕೆ ಹಾಕಿಕೊಂಡಿದೆಯೇ ಎಂದು ನೋಡಿ. ತಿರುವು, ಸೇತುವೆ, ದಿಬ್ಬದ ನೆತ್ತಿಯಲ್ಲಿ ಓವರ್‌ಟೇಕ್ ಬೇಡವೇ ಬೇಡ. (ಕಾನೂನು)

• ಟ್ರ್ಯಾಕ್ಟರ್ ಇರುವ ಮನೆಯವರು ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಲೈಟ್ ಉರಿಯುತ್ತಿದೆಯೇ ಎಂದು ಪ್ರತಿ ಸಂಜೆ ನೋಡಿ. ನಿಮ್ಮ ಊರಿನ ಹುಡುಗನೇ ಆ ಟ್ರೇಲರಿಗೆ ಗುದ್ದಬಹುದು.

• ಸುಗ್ಗಿಯಲ್ಲಿ ನಾಗಮಂಗಲ, ಕೆ.ಆರ್. ಪೇಟೆ ಕಡೆ ರಾಗಿ, ಹುರುಳಿ ರಸ್ತೆಗೆ ಹರಡಿರುತ್ತಾರೆ. ಬೈಕು ಅದರ ಮೇಲೆ ಬ್ರೇಕ್ ಹಾಕಿದರೆ ಜಾರಿ ಬೀಳುತ್ತದೆ. ಹರಡಿದ್ದಕ್ಕೆ ಮುಂಚೆಯೇ ವೇಗ ಇಳಿಸಿ, ಅದರ ಮೇಲಿರುವಾಗ ಬ್ರೇಕನ್ನಾಗಲಿ ಹ್ಯಾಂಡಲನ್ನಾಗಲಿ ಜಗ್ಗಬೇಡಿ.

• ಕಾರಿನ ಅಡಿಗೆ ಹುರುಳಿ ಬಳ್ಳಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತುವುದುಂಟು. ಹರಡಿದ್ದನ್ನು ದಾಟಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ ಎಲ್ಲರನ್ನೂ ಇಳಿಸಿ ದೂರ ಸರಿಯಿರಿ.

• ರೈತ ಬಂಧುಗಳಲ್ಲಿ ಒಂದೇ ಮಾತು: ರಸ್ತೆಯನ್ನು ಕಣ ಮಾಡಬೇಡಿ.

7. ಮೇಲುಕೋಟೆ ಬೆಟ್ಟ, ಜಾತ್ರೆ, ದೇವಸ್ಥಾನ

• ಮೇಲುಕೋಟೆಯಿಂದ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಬಾರದು, ಎಂಜಿನ್ ಆಫ್ ಮಾಡಬಾರದು. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. (ಕಟ್ಟಳೆ)

• ಕಿರಿದಾದ ಏರುದಾರಿಯಲ್ಲಿ ಹತ್ತುತ್ತಿರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. (ಕಾನೂನು)

• ವೈರಮುಡಿಯ ದಿನ ಮೇಲುಕೋಟೆಯ ರಸ್ತೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನಿಮಿಷಾಂಬ ದೇವಸ್ಥಾನದ ರಸ್ತೆ, ಭಾನುವಾರಗಳಲ್ಲಿ ಸಂಗಮ ಮತ್ತು ಕೆಆರ್‌ಎಸ್ ರಸ್ತೆ ಹೊಸಬರಿಗಲ್ಲ. ಆ ದಿನ ಬಸ್ಸಿನಲ್ಲಿ ಹೋಗಿ. (ಕಟ್ಟಳೆ)

8. ಬಾಡೂಟ, ಹಬ್ಬ, ಮದ್ಯ

• ರಕ್ತದ 100 ಮಿ.ಲೀ.ಯಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. (ಕಾನೂನು)

• ಹೊಸ ಚಾಲಕರಿಗೆ ಆ 30 ಕೂಡ ಇಲ್ಲ. ಕುಡಿದ ದಿನ ಕೀಲಿ ಮುಟ್ಟಬಾರದು, ಅಷ್ಟೇ. (ಕಟ್ಟಳೆ)

• ಬೀಗರೂಟಕ್ಕೆ, ಊರಹಬ್ಬಕ್ಕೆ ಹೋಗುವ ಮುಂಚೆಯೇ ವಾಪಸ್ ಯಾರು ಓಡಿಸುತ್ತಾರೆ ಎಂದು ತೀರ್ಮಾನವಾಗಿರಲಿ. "ನಮ್ ಹುಡ್ಗ ಇದಾನೆ, ಮೊನ್ನೆ ತಾನೆ ಡಿಎಲ್ ಆಗೈತೆ, ಅವ್ನೇ ಓಡುಸ್ತಾನೆ" ಎಂದು ಹಿರಿಯರು ಗ್ಲಾಸು ಹಿಡಿಯಬಾರದು. ಕುಡಿದವರಿಂದ ತುಂಬಿದ ಕಾರನ್ನು ನಡುರಾತ್ರಿ ಓಡಿಸುವುದು ಹೊಸಬರ ಮೇಲೆ ಹೊರಿಸುವ ಕೆಲಸವಲ್ಲ. (ಕಟ್ಟಳೆ)

9. ಮನೆಯ ಹಿರಿಯರಿಗೆ

• 18 ತುಂಬದ ಮಗ ಅಥವಾ ಮಗಳ ಕೈಗೆ ಕೀಲಿ ಕೊಡಬಾರದು. ಅವರು ತಪ್ಪು ಮಾಡಿ ಸಿಕ್ಕರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. ಡ್ರೈವರ್ ಕೆಲಸ, ಡೆಲಿವರಿ ಕೆಲಸ, ಡಿಎಲ್ ಕೇಳುವ ಯಾವ ಕೆಲಸವೂ ಅಲ್ಲಿಯತನಕ ಸಿಗುವುದಿಲ್ಲ. (ಕಾನೂನು)

• "ಅಣ್ಣ, ಒಂದೇ ಒಂದ್ ರೌಂಡ್ ಹೋಗ್ ಬತ್ತೀನಿ" ಎಂದು ಪಕ್ಕದ ಮನೆಯ ಹುಡುಗ ಕೇಳಿದರೂ ಡಿಎಲ್ ನೋಡದೆ ಗಾಡಿ ಕೊಡಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರೂ ತಪ್ಪಿತಸ್ಥರೇ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟು, ಅದನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಲಕ್ಷಗಟ್ಟಲೆ ಬಂದರೆ ಹೊಲ ಮಾರಬೇಕಾದೀತು. (ಕಾನೂನು)

• ಇನ್ಶೂರೆನ್ಸ್ ಮುಗಿದ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ. (ಕಾನೂನು)

• ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತೆಂದು 18 ತುಂಬಿದ ದಿನವೇ ದೊಡ್ಡ ಎಂಜಿನ್ನಿನ ಬೈಕು ಕೊಡಿಸಬೇಡಿ. ಮೊದಲ ವರ್ಷ ಮನೆಯ ಹಳೇ ಗಾಡಿಯಲ್ಲೇ ಕೈ ಪಳಗಲಿ. (ಕಟ್ಟಳೆ)

• ಹೆಣ್ಣುಮಕ್ಕಳು ಕಲಿಯುವಾಗ ಗದರಬೇಡಿ. ಭಯದಲ್ಲಿ ಕಲಿತವರು ಭಯದಲ್ಲೇ ಓಡಿಸುತ್ತಾರೆ. ಗಂಡುಮಕ್ಕಳಿಗೆ ಹಾಕಿದ ಕಟ್ಟಳೆಯನ್ನೇ ಅವರಿಗೂ ಹಾಕಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ.

• ಕಟ್ಟಳೆ ಹಾಕುವವರು ತಾವೂ ಪಾಲಿಸಬೇಕು. ಅಪ್ಪ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋದರೆ ಮಗ ಕಲಿಯುವುದು ಅದನ್ನೇ.

10. ಅಪಘಾತವಾದರೆ

ಮಾಡಬೇಕಾದ್ದು

• ಗಾಡಿ ನಿಲ್ಲಿಸಿ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. (ಕಾನೂನು)

• ಕರೆ ಮಾಡಿದಾಗ ಯಾವ ಊರು, ಯಾವ ಕಿಲೋಮೀಟರ್ ಕಲ್ಲು, ಮುಖ್ಯರಸ್ತೆಯೋ ಸರ್ವಿಸ್ ರಸ್ತೆಯೋ, ಬೆಂಗಳೂರು ಕಡೆಯದೋ ಮೈಸೂರು ಕಡೆಯದೋ ಎಂದು ಸ್ಪಷ್ಟವಾಗಿ ಹೇಳಿ.

• ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಕೇಳಿ.

• ಬೇರೆಯವರ ಅಪಘಾತ ಕಂಡರೆ ನಿಂತು ಸಹಾಯ ಮಾಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. (ಕಾನೂನು)

ಮಾಡಬಾರದ್ದು

• ಹೆದರಿ ಗಾಡಿ ಬಿಟ್ಟು ಊರಿಗೆ ಓಡಿಹೋಗಬಾರದು. ಜನ ಸೇರಿ ಹೊಡೆಯುತ್ತಾರೆ ಎಂಬ ಭಯವಿದ್ದರೆ ನೇರ ಹತ್ತಿರದ ಠಾಣೆಗೆ ಹೋಗಿ ಹೇಳಿ, ದಾರಿಯಲ್ಲೇ 108ಕ್ಕೆ ಕರೆ ಮಾಡಿಸಿ. (ಕಾನೂನು)

• ಓಡಿಸಿದವರು ಒಬ್ಬರು, ಠಾಣೆಯಲ್ಲಿ ಒಪ್ಪಿಕೊಳ್ಳುವವರು ಇನ್ನೊಬ್ಬರು ಎಂಬ ಆಟ ಬೇಡ. ಡಿಎಲ್ ಇಲ್ಲದ ತಮ್ಮನನ್ನು ಉಳಿಸಲು ಅಣ್ಣ ಮುಂದೆ ಬಂದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. (ಕಾನೂನು)

• ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಬೆಂಕಿ ಅಥವಾ ನೀರಿನ ಅಪಾಯವಿಲ್ಲದಿದ್ದರೆ ಅವರನ್ನು ಎಳೆದಾಡಬಾರದು.

ಕೊನೆಯ ಮಾತು

ಹೊಸ ಚಾಲಕರೇ, ಈ ಒಂದು ವರ್ಷದ ಕಟ್ಟಳೆ ನಿಮ್ಮ ಮೇಲಿನ ಅಪನಂಬಿಕೆಯಿಂದ ಹುಟ್ಟಿದ್ದಲ್ಲ. ನಮ್ಮ ರಸ್ತೆಗಳು ಹೇಗಿವೆ ಎಂಬುದು ನಮಗೆ ಗೊತ್ತಿದೆ, ಅದಕ್ಕೇ ಹೇಳುತ್ತಿದ್ದೇವೆ. ನಾಲೆಗೆ ತಡೆಗೋಡೆ ಕೇಳುವುದು, ಟ್ರೇಲರಿಗೆ ದೀಪ ಕೇಳುವುದು, ಸರ್ವಿಸ್ ರಸ್ತೆಗೆ ಫಲಕ ಕೇಳುವುದು ನಮ್ಮೆಲ್ಲರ ಹಕ್ಕು. ಗ್ರಾಮಸಭೆಯಲ್ಲಿ, ಶಾಸಕರ ಎದುರು, ಅಧಿಕಾರಿಗಳ ಎದುರು ಅದನ್ನು ಕೇಳುತ್ತಲೇ ಇರೋಣ. ಅವು ಬರುವವರೆಗೂ, ಬಂದ ಮೇಲೂ, ವೇಗ ನಿಮ್ಮ ಕಾಲಿನಲ್ಲಿದೆ.

ತಂದೆತಾಯಿಗಳೇ, ಕೀಲಿ ಕೊಡುವ ಮುಂಚೆ ಮಕ್ಕಳನ್ನು ಎದುರು ಕೂರಿಸಿಕೊಂಡು ಇದನ್ನು ಒಮ್ಮೆ ಜೋರಾಗಿ ಓದಿ. ಯಾವ ಕಟ್ಟಳೆ ಒಪ್ಪುತ್ತಾರೆ, ಯಾವುದಕ್ಕೆ ಎದುರಾಡುತ್ತಾರೆ, ಮಾತಾಡಿ ತೀರ್ಮಾನಿಸಿ. ಒಪ್ಪಿದ್ದನ್ನು ಬರೆದು ಗಾಡಿ ನಿಲ್ಲಿಸುವ ಜಾಗದ ಗೋಡೆಗೆ ಅಂಟಿಸಿ. ಒಂದು ವರ್ಷ ಯಾರೂ ಮುರಿಯಬೇಡಿ.